ನದೀದಂಡೆ ಯಾರ ಪಾಲಿಗೆ ಬಂತು?
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಊರಿಗೆ ದೊಡ್ಡ ಜಾತ್ರೆ ಬಂದರೆ ಹೋಟೆಲಿನವರಾದ ನಮಗೆ ಅದು ಮೊದಲು ತಿಳಿಯುವುದು ಎಂಜಲು ಪ್ಲೇಟುಗಳ ರಾಶಿಯಿಂದ. ಜಾತ್ರೆ ಮುಗಿದ ಮೇಲೆ ಆ ನೆಲ ಯಾರ ಪಾಲಾಯಿತೆಂದು ನಾವು ವಿಚಾರಿಸುವುದಿಲ್ಲ. ಆದುದರಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಸಂಗತಿಯನ್ನು ಈ ದಿನ ತಮ್ಮ ಮುಂದಿಡುತ್ತೇವೆ.

ಆ ನಗರದ ನಡುವೆ ಅಂಕುಡೊಂಕಾಗಿ ಒಂದು ನದಿ ಹರಿಯುತ್ತದೆ. ಅದರ ದಕ್ಷಿಣ ದಂಡೆಯಲ್ಲಿ ಹಡಗುಕಟ್ಟೆಗಳೂ ಗೋದಾಮುಗಳೂ ಇದ್ದವು. ಬಂದರಿನ ಕೆಲಸ ಸಮುದ್ರದ ಕಡೆಗೆ ಸರಿದ ಮೇಲೆ ಅವು ಪಾಳುಬಿದ್ದವು. ಅಲ್ಲಿಯೇ ಸುಮಾರು 40 ಹೆಕ್ಟೇರು ನೆಲದಲ್ಲಿ 1988ರ ಏಪ್ರಿಲ್ 30ರಿಂದ ಅಕ್ಟೋಬರ್ 30ರವರೆಗೆ ವಿಶ್ವ ಪ್ರದರ್ಶನ ನಡೆಯಿತು. ಯಂತ್ರಯುಗದಲ್ಲಿ ವಿರಾಮ ಎಂಬುದು ಅದರ ವಿಷಯ. ವಿರಾಮದ ಬಗೆಗೆ ನಮ್ಮನ್ನು ಕೇಳಿದ್ದರೆ ಬೇರೆ ಮಾತು ಹೇಳುತ್ತಿದ್ದೆವು, ಇರಲಿ! ಬಂದವರ ಲೆಕ್ಕ ಒಂದೂವರೆ ಕೋಟಿ ಮೀರಿತು.

ಅದೇ ನಗರದಲ್ಲಿ 1977ರಲ್ಲಿ ಸರಕಾರವು ಬೀದಿ ಮೆರವಣಿಗೆಗಳನ್ನು ತಡೆದು ನೂರಾರು ಜನರನ್ನು ಹಿಡಿದೊಯ್ದಿತ್ತು. ಈಗ ಅದೇ ಜನ ಆರು ತಿಂಗಳು ರಾತ್ರಿಯ ಹೊತ್ತು ಗುಂಪುಗುಂಪಾಗಿ ತಿರುಗಿದರು, ಸಂಗೀತ ಕೇಳಿದರು, ದೇಶದೇಶದ ತಿಂಡಿ ತಿಂದರು. ಬೇಗ ಬಾಗಿಲು ಹಾಕುತ್ತಿದ್ದ ಊರಿಗೆ ಹೊರಗೆ ಕೂತು ಉಣ್ಣುವ ರೂಢಿ ಹತ್ತಿತು. ಮುಂದೆ ಹೋಟೆಲುಗಳ ಮೇಜುಗಳು ಕಾಲುದಾರಿಗೂ ಬಂದವು.

ಪ್ರದರ್ಶನ ಮುಗಿಯಿತು. ಸರಕಾರವು ನೆಲವನ್ನು ಖಾಸಗಿ ಕಟ್ಟಡದವರಿಗೆ ಕೊಡುವ ಯೋಚನೆಯಲ್ಲಿತ್ತು. ಜನ ಬಿಡಲಿಲ್ಲ; ದಂಡೆ ನಮಗೆ ಬೇಕೆಂದು ಗಲಾಟೆಮಾಡಿದರು. ಕೊನೆಗೆ 1992ರ ಜೂನಿನಲ್ಲಿ ಅಲ್ಲಿ ಉದ್ಯಾನ ತೆರೆಯಿತು. ನದಿಯ ಪಕ್ಕದಲ್ಲೇ ಮರಳು ಹಾಸಿದ ಈಜುಕೊಳ, ಟಿಕೆಟ್ಟಿಲ್ಲ. ನೇಪಾಳದ ಕೆತ್ತನೆಗಾರರು ಕಡೆದ ಮರದ ಪಗೋಡವನ್ನೂ ಊರವರು ಹಟ ಹಿಡಿದು ಉಳಿಸಿಕೊಂಡರು.

ಇನ್ನು ನಮ್ಮ ಮನಸ್ಸಿಗೆ ನೆಟ್ಟ ಸಂಗತಿ. ಆ ಸುತ್ತಿನ ಬೋರ್ಡಿಂಗ್ ಮನೆಗಳಲ್ಲಿ ಕಡಿಮೆ ಬಾಡಿಗೆಗೆ ಮುದುಕರೂ ಬಡವರೂ ಇದ್ದರು. ಪ್ರದರ್ಶನದ ಸುದ್ದಿ ಬರುತ್ತಲೇ ಬಾಡಿಗೆ ಏರಿತು. ಪ್ರವಾಸಿಗಳಿಗೆ ಕೊಟ್ಟರೆ ಹೆಚ್ಚು ಹಣವೆಂದು ಹಲವರನ್ನು ಹೊರಗೆ ಹಾಕಿದರು. ಕೋಣೆ ಹಿಡಿದು ಇರುವವರಿಗೆ ಆಗ ಕಾನೂನಿನ ಆಸರೆ ತೀರ ಕಡಿಮೆ. ಉದ್ಯಾನಕ್ಕಾಗಿ ಕೂಗಲು ಊರೆಲ್ಲ ಇತ್ತು. ಇವರಿಗಾಗಿ ಕೂಗಿದವರು ಕೆಲವರೇ.

ನಾವೂ ಒಂದು ಕೋಣೆಯಲ್ಲಿ ಎಂಟು ಜನ ಚಾಪೆ ಹಾಸುವವರು. ಬಾಡಿಗೆ ಕೊಟ್ಟದ್ದಕ್ಕೆ ರಸೀದಿ ಎಷ್ಟು ಮಂದಿಯ ಹತ್ತಿರ ಇದೆ? ಇದ್ದವರು ಮುಂದಿನ ಭಾನುವಾರ ತನ್ನಿರಿ. ಇಲ್ಲದವರು ಮೊದಲು ಬನ್ನಿರಿ.