ದರ ಏರಿದಾಗ ಬಸ್ಸು ಬಿಡುವವರು ಯಾರು?



ನಿಮ್ಮಲ್ಲಿ ಹೆಚ್ಚಿನವರು ಇಂದು ಇಲ್ಲಿಗೆ ಬಸ್ಸಿನಲ್ಲಿ ಬಂದಿದ್ದೀರಿ, ಕೆಲವರು ಬೈಕಿನಲ್ಲಿ. ನಾಳೆ ಟಿಕೆಟ್ ದರ ಏರಿದರೆ ಯಾರು ಬಸ್ಸು ಬಿಡುತ್ತೀರಿ ಎಂಬುದೇ ನನ್ನ ವಿಷಯ.

ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂಬ ಪಾಠವನ್ನು ಅರ್ಥಶಾಸ್ತ್ರದವರು ಓದಿರುತ್ತೀರಿ. ಬ್ರಿಟನ್ನಿನಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬಸ್ ದರ ಶೇ. 10ರಷ್ಟು ಏರಿದರೆ ಆರಂಭದಲ್ಲಿ ಪ್ರಯಾಣ ಸುಮಾರು ಶೇ. 4ರಷ್ಟು ಇಳಿಯುತ್ತದೆ. ವರ್ಷಗಳು ಕಳೆದಂತೆ ಆ ಇಳಿಕೆ ಶೇ. 10ರ ಹತ್ತಿರ ಬರುತ್ತದೆ. ಯಾಕೆಂದರೆ ದರ ಏರಿದ ಮರುದಿನವೇ ಯಾರೂ ಬೈಕ್ ಕೊಳ್ಳುವುದಿಲ್ಲ. ಗೊಣಗುತ್ತಾ ಬಸ್ಸನ್ನೇ ಹತ್ತುತ್ತಾರೆ. ಸಾಲದ ಕಂತು ಕಟ್ಟಲು ದಾರಿಯಾದ ಮೇಲೆ ಇಳಿದು ಹೋದವರು ಮರಳುವುದು ಕಷ್ಟ.

ಪೆಟ್ರೋಲ್ ದುಬಾರಿಯಾದರೆ ಬರಲಾರರೇ? ಲೆಕ್ಕ ಹಾಕೋಣ. ಲೀಟರಿಗೆ 100 ರೂ., ಬೈಕ್ 50 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. 10 ಕಿ.ಮೀ.ಗೆ 20 ರೂ.; ಅಣ್ಣ ತಮ್ಮ ಇಬ್ಬರು ಕುಳಿತರೆ ತಲೆಗೆ 10 ರೂ. ಬೈಕಿನ ಬೆಲೆ, ವಿಮೆ, ರಿಪೇರಿ ಇದರಲ್ಲಿ ಸೇರಿಲ್ಲ, ನಿಜ. ಬೆಳಿಗ್ಗೆ ಮನೆ ಬಿಡುವಾಗ ಅದನ್ನು ಯಾರು ನೆನೆಯುತ್ತಾರೆ? ಸಾಲದ್ದಕ್ಕೆ ಕಚ್ಚಾ ತೈಲ ತುಟ್ಟಿಯಾದಾಗ ಡೀಸೆಲ್ ಕೂಡ ಏರುತ್ತದೆ, ಅದರ ಬೆನ್ನಿಗೆ ಟಿಕೆಟ್ ದರ. ಬಸ್ಸಿಗೆ ಬರಬೇಕೆಂದಿದ್ದವರೂ ಹಿಂಜರಿಯುತ್ತಾರೆ.

ಬೆಂಗಳೂರು ಮೆಟ್ರೋದ ಗರಿಷ್ಠ ದರ 2025ರ ಫೆಬ್ರವರಿ 9ರಂದು 60ರಿಂದ 90 ರೂ.ಗೆ ಏರಿತು. ಪ್ರಯಾಣಿಕರು ಕಡಿಮೆಯಾದರು, ವಾರದೊಳಗೆ ಕೆಲವು ದರಗಳನ್ನು ಇಳಿಸಬೇಕಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಆದದ್ದು ಇದರ ವಿರುದ್ಧ. ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ ಎಂದಾಗ ಬಸ್ಸುಗಳು ತುಂಬಿ ತುಳುಕಿದವು. ಅಷ್ಟು ದಿನ ಇವರೆಲ್ಲ ಎಲ್ಲಿದ್ದರು? ಅನೇಕರು ಪ್ರಯಾಣವನ್ನೇ ಕೈಬಿಟ್ಟು ಮನೆಯಲ್ಲಿದ್ದರೆಂದು ನನ್ನ ಅಭಿಪ್ರಾಯ.

ಮೇಲಿನ ಶೇಕಡಾ ಲೆಕ್ಕ ಹೇಳದೆ ಬಿಡುವುದು ಇದನ್ನೇ. ಬೈಕ್ ಕೊಂಡು ಬಸ್ಸು ಬಿಟ್ಟ ಹುಡುಗನೂ, ಬಸ್ಸಿಗೆ ಹಣವಿಲ್ಲದೆ ಕಾಲೇಜು ಬಿಟ್ಟ ಹುಡುಗಿಯೂ ಅಲ್ಲಿ ಒಂದೇ ಅಂಕಿ. ನಮ್ಮ ಮಂಗಳೂರು, ಉಡುಪಿ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು. ಶಕ್ತಿ ಯೋಜನೆ ಅವುಗಳಿಗೆ ಅನ್ವಯವಾಗುವುದಿಲ್ಲ.

ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಫೀಸಿಗೆ, ಪುಸ್ತಕಕ್ಕೆ ಕಾಲಂ ಇದೆ, ಬಸ್ಸಿನ ಖರ್ಚಿಗೆ ಇಲ್ಲ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಅದನ್ನು ಸೇರಿಸಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ.