ತಾತನ ಪರೀಕ್ಷೆಯಲ್ಲಿ ನಾನು ಕಾಪಿ ಹೊಡೆಸಿದೆ

ಬಸ್ಸಲ್ಲಿ ನೇತಾಡ್ಕೊಂಡು ಕೇಳ್ತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಕಳೆದ ವರ್ಷ ತಾತನನ್ನು ಮರೆವಿನ ತಪಾಸಣೆಗೆ ಕರ್ಕೊಂಡು ಹೋಗಿದ್ದೆ. ಅಲ್ಲಿದ್ದ ಮೇಡಂ, "ತಾತ, ಇವತ್ತು ಯಾವ ವಾರ?" ಅಂದ್ರು. ತಾತ ನನ್ನ ಮುಖ ನೋಡಿದ್ರು. ನಾನು ಬರೀ ತುಟಿ ಆಡಿಸಿ "ಗುರುವಾರ" ಅಂದೆ. ತಾತನೂ ಗುರುವಾರ ಅಂದ್ರು. ಎರಡನೇ ಸಲ ಹಾಗೇ ಮಾಡಿದಾಗ ಮೇಡಂ ನಗುತ್ತಲೇ, "ನೀವು ಸ್ವಲ್ಪ ಹೊರಗೆ ಕೂತಿರಮ್ಮ" ಅಂದ್ರು. ಬೆಂಚಿನ ಮೇಲೆ ಕೂತಾಗ ಮೊದಲು ಬಂದಿದ್ದು ಸಿಟ್ಟು. ಆಮೇಲೆ ನಾಚಿಕೆ. ನಾನು ಬಿಕಾಂ ಓದಿದವಳು. ಆಡಿಟರ್ ಬರೋ ಹಿಂದಿನ ರಾತ್ರಿ ಲೆಕ್ಕ ತಿದ್ದೋದು ಎಂಥ ಕೆಲಸ ಅಂತ ನನಗಾದ್ರೂ ಗೊತ್ತಿರಬೇಕಿತ್ತು.

ಅಂಥ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರೋದು 1975ರಲ್ಲಿ ಬಂದ ಎಂಎಂಎಸ್‌ಇ. ಒಟ್ಟು 30 ಅಂಕ. ತಾರೀಖು ಕೇಳ್ತಾರೆ, ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳ್ತಾರೆ. ಬೇಗ ಮುಗಿಯುತ್ತೆ, ಉಪಯೋಗಕ್ಕೂ ಬರುತ್ತೆ. ಆದ್ರೆ ನಮ್ಮನೆ ಚಿಂತೆ ಮೂರು ಪದದ್ದಲ್ಲ. ತಾತ ಒಲೆ ಮೇಲೆ ಹಾಲಿಟ್ಟು ಮರೀತಾರೆ. ನುಂಗಿದ ಬಿಪಿ ಮಾತ್ರೆಯನ್ನೇ ಮತ್ತೆ ನುಂಗ್ತಾರೆ. ಇದನ್ನ ಅಳೆಯೋದು ಹೇಗೆ?

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ರಿವರ್‌ಮೀಡ್ ಅನ್ನೋ ಪುನರ್ವಸತಿ ಕೇಂದ್ರ ಇತ್ತು. ಮಿದುಳಿಗೆ ಪೆಟ್ಟು ಬಿದ್ದವರು ಅಲ್ಲಿಗೆ ಬರ್ತಿದ್ರು. ಮನೋವಿಜ್ಞಾನಿ ಬಾರ್ಬರಾ ವಿಲ್ಸನ್, ಜಾನೆಟ್ ಕಾಕ್‌ಬರ್ನ್, ಅಲನ್ ಬ್ಯಾಡ್ಲಿ ಸೇರಿ 1985ರಲ್ಲಿ ಒಂದು ಪರೀಕ್ಷೆ ಹೊರತಂದ್ರು. ಹೆಸರು ರಿವರ್‌ಮೀಡ್ ಬಿಹೇವಿಯರಲ್ ಮೆಮೊರಿ ಟೆಸ್ಟ್.

ಅದರಲ್ಲಿ ಏನ್ಮಾಡ್ತಾರೆ ಗೊತ್ತಾ? ನಿಮ್ಮದೇ ಒಂದು ವಸ್ತು ಇಸ್ಕೊಂಡು, ನಿಮ್ಮೆದುರೇ ಬಚ್ಚಿಡ್ತಾರೆ. ಕೊನೆಗೆ ನೀವಾಗಿ ಕೇಳಿ ವಾಪಸ್ ತಗೋಬೇಕು. ಒಂದು ಅಲಾರಂ ಇಟ್ಟು, ಅದು ಹೊಡೆದಾಗ ಇಂಥ ಪ್ರಶ್ನೆ ಕೇಳಿ ಅಂತ ಮೊದಲೇ ಹೇಳಿರ್ತಾರೆ. ಫೋಟೋ ತೋರಿಸಿ ಹೆಸರು ಹೇಳ್ತಾರೆ, ಆಮೇಲೆ ಆ ಹೆಸರು ಕೇಳ್ತಾರೆ. ಕೋಣೆಯೊಳಗೆ ಒಂದು ದಾರಿ ನಡೆದು ತೋರಿಸ್ತಾರೆ, ನೀವೂ ಹಾಗೇ ನಡೀಬೇಕು, ಮಧ್ಯೆ ಒಂದು ಕವರ್ ಇಟ್ಟು ಬರಬೇಕು.

ಗಮನಿಸಿ, ಇದು ನಡೆದದ್ದನ್ನ ನೆನೆಸ್ಕೊಳ್ಳೋದಷ್ಟೇ ಅಲ್ಲ. ಮಾಡಬೇಕಾದದ್ದನ್ನ ಸಮಯಕ್ಕೆ ಸರಿಯಾಗಿ ನೆನೆಸ್ಕೊಳ್ಳೋದು. ಹಾಲು, ಮಾತ್ರೆ ಎಲ್ಲ ಇರೋದು ಇಲ್ಲೇ.

ಹಾಗಂತ ಮನೇಲಿ ಚಮಚ ಬಚ್ಚಿಟ್ಟು ತಾತನ್ನ ಕೇಳಿದ್ರೆ ಅದು ಪರೀಕ್ಷೆ ಆಗಲ್ಲ. ಎಲ್ಲರಿಗೂ ಒಂದೇ ಮಾತು, ಒಂದೇ ಕ್ರಮ, ಒಂದೇ ಥರ ಅಂಕ ಇರಬೇಕು. ಆಗ ಮಾತ್ರ ನಿಮ್ಮ ಅಂಕವನ್ನ ಬೇರೆಯವರ ಅಂಕದ ಜೊತೆ ಹೋಲಿಸೋಕಾಗೋದು. ಮತ್ತೆ ಪರೀಕ್ಷೆ ಮಾಡುವಾಗ ಹಳೇ ಉತ್ತರ ಬಾಯಿಗೆ ಬರಬಾರದು ಅಂತ ರಿವರ್‌ಮೀಡ್‌ನವರು ನಾಲ್ಕು ಪ್ರಶ್ನೆಪತ್ರಿಕೆ ಮಾಡಿದ್ರು, ಎಲ್ಲ ಒಂದೇ ತೂಕದವು.

ಭಾಷೆಯೂ ಮುಖ್ಯ. ಇಂಗ್ಲೆಂಡಿನ ಹೆಸರು, ಅಲ್ಲಿನ ಕಥೆ ನೆನಪಿಟ್ಕೋ ಅಂದ್ರೆ ನಮ್ಮ ತಾತ ಮಾತ್ರ ಅಲ್ಲ, ನಾನೂ ಫೇಲ್. ಬರೀ ಅನುವಾದ ಸಾಲಲ್ಲ, ಇಲ್ಲಿನ ಜನರ ಮೇಲೇ ನಡೆಸಿ ಅಂಕದ ಅಳತೆ ಹೊಸದಾಗಿ ಕಟ್ಟಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಇಂಥ ಒಂದು ಪರೀಕ್ಷಾ ಸಂಚು ಸಿದ್ಧಪಡಿಸಿದೆ.

ಈಗ ನಿಮಗೆ ಹೇಳೋದಿಷ್ಟೆ. ಮನೇಲಿ ಯಾರಿಗಾದ್ರೂ ಮರೆವು ಹೆಚ್ಚಾಗಿದ್ರೆ "ವಯಸ್ಸಾಯ್ತಲ್ಲ" ಅಂತ ಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆ ಇದೆ. ಹೋಗೋ ಮುಂಚೆ ಫೋನಲ್ಲಿ ನೋಟ್ ಮಾಡ್ಕೊಳ್ಳಿ: ಏನು ಮರೆತ್ರು, ಯಾವತ್ತು, ನೆನಪಿಸಿದ ಮೇಲೆ ನೆನಪಾಯ್ತಾ. ಅದನ್ನ ಡಾಕ್ಟರಿಗೆ ತೋರಿಸಿ. ಪರೀಕ್ಷೆ ಶುರುವಾದ್ಮೇಲೆ ಮಾತ್ರ ಬಾಯಿ ಮುಚ್ಕೊಂಡಿರಿ.

ಕಷ್ಟ, ನನಗೆ ಗೊತ್ತು. ನಾನು ಉತ್ತರ ಹೇಳಿದ್ದು ತಾತನ ಮರ್ಯಾದೆ ಉಳಿಸೋಕೆ ಅಂದ್ಕೊಂಡಿದ್ದೆ. ನಿಜವಾಗಿ, ಅವರಿಗೆ ವಾರ ಗೊತ್ತಿಲ್ಲ ಅನ್ನೋದನ್ನ ಕೇಳಿಸ್ಕೊಳ್ಳೋ ಧೈರ್ಯ ನನಗಿರಲಿಲ್ಲ.

ತಾತನಿಗೆ ಎಷ್ಟು ಅಂಕ ಬಂತು ಅಂತ ಹೇಳಲ್ಲ, ಅದು ಅವರದ್ದು. ಈಗ ಮನೇಲಿ ವಾರದ ಏಳು ಖಾನೆ ಇರೋ ಮಾತ್ರೆ ಡಬ್ಬಿ ಇದೆ. ಗುರುವಾರದ ಖಾನೆ ಖಾಲಿ ಆಗಿದ್ಯಾ ಅಂತ ರಾತ್ರಿ ನೋಡೋದು ನನ್ನ ಕೆಲಸ.