ಒಂದು ಹಡಗು, ಎರಡು ಹೆಸರು



ಇಪ್ಪತ್ತನೆಯ ಶತಮಾನದ ಆರಂಭದ ಪ್ರಯಾಣಿಕ ಹಡಗುಗಳು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಟೈಟಾನಿಕ್. ಸ್ವಲ್ಪ ಓದಿಕೊಂಡವರಾದರೆ ಲೂಸಿಟೇನಿಯಾ, ಮೌರಿಟೇನಿಯಾಗಳ ಹೆಸರು ಹೇಳುತ್ತಾರೆ. ಅಟ್ಲಾಂಟಿಕ್ ದಾಟುವ ವೇಗದಲ್ಲಿ 1909ರಲ್ಲಿ ಪಡೆದ ಮೊದಲ ಸ್ಥಾನವನ್ನು ಮೌರಿಟೇನಿಯಾ 1929ರವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಪಾರ್ಸನ್ಸ್ ಕಂಡುಹಿಡಿದ ಉಗಿ ಟರ್ಬೈನಿನ ಬಲ ಅದು. ಇಂಥ ಬೆರಗು ನಮಗೆ ಬೇಕು, ಅದನ್ನು ನಾನು ಕೀಳುಗಳೆಯುವುದಿಲ್ಲ. ಆದರೆ ಲೂಸಿಟೇನಿಯಾ, ಮೌರಿಟೇನಿಯಾ ಜೋಡಿ ಹುಟ್ಟಿದ ಬಗೆಯನ್ನೂ ನೋಡಿ. 1903ರ ಒಪ್ಪಂದದಂತೆ ಬ್ರಿಟಿಷ್ ಸರ್ಕಾರ ಕುನಾರ್ಡ್ ಕಂಪನಿಗೆ 26 ಲಕ್ಷ ಪೌಂಡ್ ಸಾಲ ಕೊಟ್ಟಿತು, ಮೇಲೆ ವರ್ಷಕ್ಕೆ ಒಂದೂವರೆ ಲಕ್ಷ ಪೌಂಡ್ ಸಹಾಯಧನ. ಯುದ್ಧ ಬಂದರೆ ಹಡಗುಗಳು ನೌಕಾಪಡೆಗೆ ಒದಗಬೇಕು ಎಂಬುದು ಷರತ್ತು. ಆ ಕಾಲದ ಹಡಗು ಬರೀ ವ್ಯಾಪಾರಿಯ ಸ್ವತ್ತಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಈ ವಿಚಾರಸಂಕಿರಣದ ಎರಡು ದಿನ ನಾವು ಏನನ್ನು ಕೇಳಬೇಕು? ಹಡಗು ಎಷ್ಟು ಉದ್ದ, ಎಷ್ಟು ವೇಗ ಎಂಬುದಕ್ಕಿಂತ ಮೊದಲು, ಅದು ಹೋಗುವ ಹಾದಿಗೆ ಒಡೆಯರು ಯಾರು ಎಂದು ಕೇಳಬೇಕು. ಟಿಕೆಟಿನ ದರ ಗೊತ್ತುಮಾಡುವವರು ಯಾರು, ಯಾರು ಹತ್ತಬಹುದು, ಯಾರು ಇಳಿಯಬಾರದು ಎಂದು ಹೇಳುವವರು ಯಾರು? ನನ್ನ ಆಶಯ ಇಷ್ಟೇ. ಅದನ್ನು ಒಂದೇ ಹಡಗಿನ ಮೂಲಕ ನಿಮ್ಮ ಮುಂದಿಡುತ್ತೇನೆ.

ಆ ಹಡಗಿನ ಹೆಸರು ಎಂಪ್ರೆಸ್ ಆಫ್ ಇಂಡಿಯಾ. 1891ರಲ್ಲಿ ಇಂಗ್ಲೆಂಡಿನ ಬ್ಯಾರೋ ಬಂದರಿನಲ್ಲಿ ಕಟ್ಟಿದ್ದು. ಕೆನಡಿಯನ್ ಪೆಸಿಫಿಕ್ ಎಂಬ ರೈಲು ಕಂಪನಿ ಕೆನಡಾದ ಪೂರ್ವದಿಂದ ಪಶ್ಚಿಮದ ತನಕ ಹಳಿ ಹಾಕಿ ಮುಗಿಸಿತ್ತು. ಹಳಿ ಮುಗಿದಲ್ಲಿ ಸಮುದ್ರ. ವ್ಯಾಂಕೂವರಿನಿಂದ ಯೊಕೊಹಾಮಾ ದಾಟಿ ಹಾಂಗ್‌ಕಾಂಗಿಗೆ ಟಪಾಲು ಒಯ್ಯುವ ಸರ್ಕಾರಿ ಗುತ್ತಿಗೆ ಸಿಕ್ಕಿತು, ಆ ಗುತ್ತಿಗೆಯ ಬಲದ ಮೇಲೆ ಮೂರು ಬಿಳಿ ಹಡಗುಗಳು ತಯಾರಾದವು. ಮೇಲಿನ ಅಂತಸ್ತುಗಳಲ್ಲಿ ಅನುಕೂಲಸ್ಥರಿಗೆ ಕೋಣೆಗಳು, ಕೆಳಗೆ ಸ್ಟೀರೇಜಿನಲ್ಲಿ ನೂರಾರು ಜನರಿಗೆ ಒತ್ತೊತ್ತಾಗಿ ಮಲಗುವ ಜಾಗ. ಕೆಳಗಿನವರಲ್ಲಿ ಹೆಚ್ಚಿನವರು ಚೀನೀ ಕೂಲಿಕಾರರು. ಅವರು ಕೆನಡಾದ ನೆಲ ಮುಟ್ಟಲು ತಲೆಗಂದಾಯ ಕಟ್ಟಬೇಕಿತ್ತು. 1885ರಲ್ಲಿ 50 ಡಾಲರ್ ಇದ್ದದ್ದು 1903ರಲ್ಲಿ 500 ಡಾಲರ್ ಆಯಿತು.

1893ರ ಜುಲೈನಲ್ಲಿ ಇದೇ ಹಡಗಿನಲ್ಲಿ ಯೊಕೊಹಾಮಾದಿಂದ ವ್ಯಾಂಕೂವರಿಗೆ ಸ್ವಾಮಿ ವಿವೇಕಾನಂದರು ಪ್ರಯಾಣ ಮಾಡಿದರು. ಅವರ ಸಹಪ್ರಯಾಣಿಕರಾಗಿದ್ದವರು ಜಮ್‌ಶೇಟ್‌ಜಿ ಟಾಟಾ. 1898ರ ನವೆಂಬರಿನಲ್ಲಿ ಟಾಟಾ ಆ ಪ್ರಯಾಣವನ್ನು ನೆನಪಿಸಿ, ತಮ್ಮ ಸಂಶೋಧನಾ ಸಂಸ್ಥೆಯ ಯೋಜನೆಯ ಬಗ್ಗೆ ಸ್ವಾಮೀಜಿಗೆ ಪತ್ರ ಬರೆದರು. ಮೈಸೂರು ಸಂಸ್ಥಾನ ಜಮೀನು ಕೊಟ್ಟಿತು, 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಕನ್ನಡ ನಾಡಿನವರು ಈ ಪ್ರಸಂಗವನ್ನು ಅಭಿಮಾನದಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಹಡಗಿನ ಕಟಾಂಜನಕ್ಕೆ ಒರಗಿ ಇಬ್ಬರೂ ಆಡಿದರೆನ್ನುವ ಸಂಭಾಷಣೆಗಳನ್ನು ಇತಿಹಾಸಕಾರರು ಬದಿಗಿಡಬೇಕು. ನಮ್ಮ ಕೈಯಲ್ಲಿರುವುದು ಆ ಪತ್ರ.

ಈ ಕಥೆ ಹೇಳುವಾಗ ನಾವು ಮರೆಯುವ ಒಂದು ಸಂಗತಿಯಿದೆ. ಆ 1893ರಲ್ಲೇ ಟಾಟಾ ಅವರ ತಲೆಯಲ್ಲಿದ್ದ ದೊಡ್ಡ ಚಿಂತೆ ಹಡಗಿನ ಬಾಡಿಗೆಯದು. ಮುಂಬಯಿಯಿಂದ ಚೀನಾ, ಜಪಾನುಗಳಿಗೆ ಹತ್ತಿ, ನೂಲು ಸಾಗಿಸುವ ದಾರಿ ಪಿ ಅಂಡ್ ಒ ಮೊದಲಾದ ಕಂಪನಿಗಳ ಹಿಡಿತದಲ್ಲಿತ್ತು, ಅವರು ಹೇಳಿದ್ದೇ ದರ. ಟಾಟಾ ಜಪಾನಿನ ನಿಪ್ಪಾನ್ ಯೂಸೆನ್ ಕೈಷಾ ಕಂಪನಿಯ ಜೊತೆ ಕೈಜೋಡಿಸಿದರು, ಬಾಡಿಗೆಗೆ ಹಡಗು ಹಿಡಿದು ಟಾಟಾ ಲೈನ್ ಶುರುಮಾಡಿದರು. ಎದುರಾಳಿಗಳು ದರವನ್ನು ನೆಲಕ್ಕಿಳಿಸಿದರು. ಟಾಟಾ ಲೈನ್ ಹೆಚ್ಚು ಕಾಲ ಬಾಳಲಿಲ್ಲ. ಜಪಾನಿನ ಕಂಪನಿ ಉಳಿಯಿತು, ಏಕೆಂದರೆ ಅದರ ಬೆನ್ನಿಗೆ ಅದರ ಸರ್ಕಾರವಿತ್ತು. ಟಾಟಾ ಅವರಿಗೆ ಅಂಥ ಸರ್ಕಾರವಿರಲಿಲ್ಲ.

ಹದಿಮೂರು ವರ್ಷದ ಬಳಿಕ ತೂತ್ತುಕುಡಿಯಲ್ಲಿ ವ.ಉ. ಚಿದಂಬರಂ ಪಿಳ್ಳೈ ಸ್ವದೇಶಿ ಹಡಗು ಕಂಪನಿ ಕಟ್ಟಿ ಕೊಲಂಬೊಗೆ ಪ್ರಯಾಣಿಕರನ್ನು ಒಯ್ದಾಗಲೂ ಅದೇ ಆಯಿತು. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿ ದರ ಮುರಿಯಿತು. 1908ರಲ್ಲಿ ಪಿಳ್ಳೈ ಸೆರೆಮನೆ ಸೇರಿದರು, ಕಂಪನಿ ಮುಳುಗಿತು.

ಇನ್ನು ಟಿಕೆಟಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಶತಮಾನದ ಆರಂಭದಲ್ಲಿ ಪಂಜಾಬಿನ ರೈತರು, ನಿವೃತ್ತ ಸಿಪಾಯಿಗಳು ಕೆನಡಾದ ಮರದ ಮಿಲ್ಲುಗಳಿಗೆ ಕೆಲಸಕ್ಕೆ ಹೋಗತೊಡಗಿದರು. ಅವರು ಬ್ರಿಟಿಷ್ ಪ್ರಜೆಗಳು, ಬ್ರಿಟಿಷ್ ಸಾಮ್ರಾಜ್ಯದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವವರು. ಅವರನ್ನು ಜನಾಂಗದ ಹೆಸರಿನಲ್ಲಿ ತಡೆದರೆ ಸಾಮ್ರಾಜ್ಯಕ್ಕೇ ಮುಜುಗರ. ಅದಕ್ಕೆ ಕೆನಡಾ ಸರ್ಕಾರ 1908ರಲ್ಲಿ ಒಂದು ನಿಯಮ ತಂದಿತು. ಹುಟ್ಟಿದ ಅಥವಾ ಪ್ರಜೆಯಾಗಿರುವ ದೇಶದಿಂದ ಎಲ್ಲೂ ಮಧ್ಯೆ ನಿಲ್ಲದೆ, ಅಲ್ಲೇ ಕೊಂಡ ನೇರ ಟಿಕೆಟಿನಲ್ಲಿ ಬಂದವರಿಗಷ್ಟೇ ಪ್ರವೇಶ. ನಿಯಮದಲ್ಲಿ ಭಾರತದ ಹೆಸರಿಲ್ಲ. ಆದರೆ ಭಾರತದಿಂದ ಅಂಥ ನೇರ ಟಿಕೆಟು ಕೊಡುತ್ತಿದ್ದುದು ಇದೇ ಕೆನಡಿಯನ್ ಪೆಸಿಫಿಕ್ ಕಂಪನಿ, ಸರ್ಕಾರದ ಒತ್ತಡಕ್ಕೆ ಅದು ಮಾರಾಟ ನಿಲ್ಲಿಸಿತು. ಒಂದು ಟಿಕೆಟು ಕೌಂಟರ್ ಮುಚ್ಚಿದ್ದರಿಂದ ಒಂದು ದೇಶದ ಬಾಗಿಲು ಮುಚ್ಚಿತು.

1914ರಲ್ಲಿ ಗುರುದಿತ್ ಸಿಂಗ್ ಕೊಮಗಾತ ಮಾರು ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಪಡೆದು ಈ ನಿಯಮವನ್ನು ಎದುರಿಸಿದರು. 376 ಪ್ರಯಾಣಿಕರು. ಮೇ 23ರಂದು ಹಡಗು ವ್ಯಾಂಕೂವರ್ ತಲುಪಿತು, ಎರಡು ತಿಂಗಳು ದಡದ ಎದುರಿಗೇ ನಿಂತಿತು. ಹಿಂದೆ ಅಲ್ಲಿ ನೆಲೆಸಿದ್ದ ಕೆಲವರನ್ನು ಬಿಟ್ಟರೆ ಯಾರನ್ನೂ ಇಳಿಯಗೊಡಲಿಲ್ಲ. ಹಿಂದಿರುಗಿದವರ ಮೇಲೆ ಸೆಪ್ಟೆಂಬರ್ 29ರಂದು ಕಲ್ಕತ್ತದ ಬಳಿಯ ಬಜ್‌ಬಜ್‌ನಲ್ಲಿ ಗುಂಡು ಹಾರಿಸಲಾಯಿತು. ಸುಮಾರು 20 ಮಂದಿ ಸತ್ತರು. ಆ ದಶಕದ ಅತ್ಯಂತ ಮಹತ್ವದ ಹಡಗುಯಾನ ಯಾವುದು ಎಂದು ಕೇಳಿದರೆ ನಾನು ಟೈಟಾನಿಕ್ ಎನ್ನುವುದಿಲ್ಲ, ಕೊಮಗಾತ ಮಾರು ಎನ್ನುತ್ತೇನೆ. ಟೈಟಾನಿಕ್ ದುರಂತದಿಂದ ಜೀವರಕ್ಷಕ ದೋಣಿಗಳ ನಿಯಮ ಬದಲಾಯಿತು. ಕೊಮಗಾತ ಮಾರು ಎತ್ತಿದ ಪ್ರಶ್ನೆ ಇಂದಿಗೂ ಸಮುದ್ರದ ಮೇಲೆಯೇ ಇದೆ.

ಅದೇ 1914ರಲ್ಲಿ ಎಂಪ್ರೆಸ್ ಆಫ್ ಇಂಡಿಯಾ ಗ್ವಾಲಿಯರ್ ಮಹಾರಾಜರಿಗೆ ಮಾರಾಟವಾಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಅದನ್ನು ಆಸ್ಪತ್ರೆ ಹಡಗಾಗಿ ಮಾಡಿ ಲಾಯಲ್ಟಿ ಎಂದು ಹೆಸರಿಟ್ಟರು. ಯುದ್ಧ ಮುಗಿದ ಮೇಲೆ ವಾಲ್ಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿ ಮುಂತಾದವರು ಅದನ್ನು ಕೊಂಡು ಸಿಂಧಿಯಾ ಕಂಪನಿ ಕಟ್ಟಿದರು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಪ್ರತಿವರ್ಷ ಆ ದಿನವನ್ನು ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸುತ್ತೇವೆ.

ಆಚರಣೆಯಲ್ಲಿ ಹೇಳದೆ ಉಳಿಯುವುದು ಮುಂದಿನ ಭಾಗ. ಹಡಗು ಹಳೆಯದು, ಲಾಭ ತರಲಿಲ್ಲ, 1923ರಲ್ಲಿ ಗುಜರಿಗೆ ಹೋಯಿತು. ಅದೇ ವರ್ಷ ಸಿಂಧಿಯಾ ಕಂಪನಿ ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಕಂಪನಿಗಳ ಜೊತೆ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ, ಕರಾವಳಿ ವ್ಯಾಪಾರದ ಮಿತಿಯೊಳಗೆ ಇರಲು ಒಪ್ಪಿಕೊಳ್ಳಬೇಕಾಯಿತು. ಹಡಗು ಕೊಂಡರೂ ಹಾದಿ ಸಿಗಲಿಲ್ಲ. ಆದರೆ ಕಂಪನಿ ಉಳಿಯಿತು, ಮುಂದೆ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಯನ್ನೇ ಕಟ್ಟಿತು. ನಾನು ಅದನ್ನು ಸೋಲು ಎನ್ನಲಾರೆ.

ಕನ್ನಡದ ಸಂಶೋಧಕರಿಗೆ ಇಲ್ಲಿ ಮಾಡದೆ ಬಿಟ್ಟ ಕೆಲಸ ಬಹಳ ಇದೆ. ಮುಂಬಯಿಗೂ ಮಂಗಳೂರಿಗೂ ನಡುವೆ ಆಗಬೋಟುಗಳು, ಎಂದರೆ ಉಗಿಹಡಗುಗಳು, ಓಡಾಡುತ್ತಿದ್ದವು, ಮಳೆಗಾಲದಲ್ಲಿ ನಿಲ್ಲುತ್ತಿದ್ದವು. ಹೋಟೆಲು ಕೆಲಸಕ್ಕೆ, ಓದಿಗೆ, ಗುಮಾಸ್ತಗಿರಿಗೆ ನಮ್ಮ ಕರಾವಳಿಯ ಹುಡುಗರು ಮುಂಬಯಿ ಸೇರಿದ್ದು ಅವುಗಳಲ್ಲಿ. ಅವರು ಎಷ್ಟು ತೆತ್ತರು, ಯಾವ ಕಂಪನಿಗೆ ತೆತ್ತರು, ದರದ ಪೈಪೋಟಿ ಇಲ್ಲಿಗೂ ತಟ್ಟಿತೆ? ಕಾರವಾರ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು, ಮಂಗಳೂರು ಮದ್ರಾಸಿನಲ್ಲಿ. ಒಂದೇ ಕರಾವಳಿಯ ಕಾಗದಪತ್ರಗಳು ಎರಡು ರಾಜ್ಯಗಳ ಪತ್ರಾಗಾರಗಳಲ್ಲಿ ಹಂಚಿಹೋಗಿವೆ. ಇಲ್ಲಿರುವ ಯುವ ಸಂಶೋಧಕರಲ್ಲಿ ಒಬ್ಬಿಬ್ಬರಾದರೂ ಮುಂಬಯಿ, ಚೆನ್ನೈ ಎರಡೂ ಕಡೆ ಕೂತು ಆ ಕಡತಗಳನ್ನು ಜೊತೆಗಿಟ್ಟು ಓದಿ, ಆಗಬೋಟಿನಲ್ಲಿ ಪ್ರಯಾಣ ಮಾಡಿದ ಹಿರಿಯರು ಇನ್ನೂ ಇದ್ದರೆ ಅವರ ಮಾತನ್ನು ಈ ವರ್ಷವೇ ಧ್ವನಿಮುದ್ರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.